ಅಟಾರಿ ಮಾರಾಟ ವಿಭಾಗಕ್ಕೆ ಬುಕ್ಕಾಂಬುಧಿಯಿಂದ ಅಭಿನಂದನಾ ಪತ್ರ

ಗೆ,
ಮಾರಾಟ ವಿಭಾಗದ ಮುಖ್ಯಸ್ಥರು (1982ರಲ್ಲಿ ಇದ್ದವರು),
ಅಟಾರಿ ಕಂಪನಿ, ಸನ್ನಿವೇಲ್, ಕ್ಯಾಲಿಫೋರ್ನಿಯಾ.

ವಿಷಯ: ಪ್ಯಾಕ್-ಮ್ಯಾನ್ ಆಟವನ್ನು ಜನಸಾಮಾನ್ಯರ ಮನೆ ಟಿವಿಗೆ ತಂದುಕೊಟ್ಟಿದ್ದಕ್ಕಾಗಿ ಅಭಿನಂದನೆ.

ಉಲ್ಲೇಖ: ಮಾರ್ಚ್ 1982ರಲ್ಲಿ ತಾವು ಬಿಡುಗಡೆ ಮಾಡಿದ ಕ್ಯಾಸೆಟ್.

ಮಾನ್ಯರೇ,

ಪತ್ರ ತಲುಪುವುದು ನಲವತ್ತು ವರ್ಷ ತಡವಾಯಿತು. ಜಮೀನಿನ ಪೋಡಿಗೆ ಅರ್ಜಿ ಕೊಟ್ಟು ಕಾದು ಕೂತವರ ನಾಡಿನವನು ನಾನು. ಇದನ್ನು ತಡ ಎಂದು ಒಪ್ಪುವುದಿಲ್ಲ. ದೀಪಾವಳಿಗೆ ಊರಿಗೆ ಬಂದಿದ್ದ ಅಕ್ಕನ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಎರಡು ಪ್ಯಾಕ್-ಮ್ಯಾನ್‌ಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ. ಎಡಗಡೆ ಜಪಾನಿನ ನಾಮ್ಕೋ ಕಂಪನಿಯ ತೋರು ಇವಾತಾನಿ 1980ರಲ್ಲಿ ಮಾಡಿದ ಅಸಲು ಆಟ, ಕಾಸು ಹಾಕಿ ಆಡುವ ದೊಡ್ಡ ಪೆಟ್ಟಿಗೆಯದು. ಬಲಗಡೆ ತಮ್ಮದು, ಅಟಾರಿ 2600 ಯಂತ್ರದ್ದು. ನೋಡಿದ ಮೇಲೆ ಅಭಿನಂದಿಸದೆ ಇರಲು ಮನಸ್ಸು ಬರಲಿಲ್ಲ.

ಮೊದಲು ಆಟದಲ್ಲಿ ಪ್ಯಾಕ್-ಮ್ಯಾನನ ಬೆನ್ನು ಹತ್ತುವ ನಾಲ್ಕು ದೆವ್ವಗಳ ವಿಚಾರ. ನಮ್ಮೂರಲ್ಲೂ ದೆವ್ವ ಕಂಡವರಿದ್ದಾರೆ. ಕೆರೆ ಏರಿ ಮೇಲೆ, ಹುಣಸೇಮರದ ಬುಡದಲ್ಲಿ, ನಡುರಾತ್ರಿ ತ್ರೀ ಫೇಸ್ ಬಂತೆಂದು ಮೋಟರ್ ಹಾಕಲು ಹೋದಾಗ. ಆದರೆ ಕಂಡ ದೆವ್ವ ಓಡುವವನು ಮನೆ ಮುಟ್ಟುವ ತನಕ ಕಂಡ ಹಾಗೇ ಇರುತ್ತದೆ. ತಮ್ಮವು ಪಾಳಿಯ ಮೇಲೆ ಬರುತ್ತವೆ. ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆದರೆ, ಒಂದೊಂದು ದೆವ್ವಕ್ಕೆ ಸಿಗುವುದು ನಾಲ್ಕರಲ್ಲಿ ಒಂದು ಸರದಿ, ಅಂದರೆ 15. ಮಿಕ್ಕ ಹೊತ್ತು ಅದು ರಜೆ. ಹೀಗಾಗಿ ನಾಲ್ಕೂ ಮಿಣಮಿಣ ಎನ್ನುತ್ತಿರುತ್ತವೆ. ಅಸಲು ಆಟದಲ್ಲಿ ಬ್ಲಿಂಕಿ ಬೆನ್ನು ಹತ್ತುತ್ತದೆ, ಪಿಂಕಿ ಮುಂದೆ ಹೋಗಿ ಅಡ್ಡಗಟ್ಟುತ್ತದೆ, ಕ್ಲೈಡ್ ಹತ್ತಿರ ಬಂದು ತಾನೇ ಹೆದರಿ ಹಿಂದೆ ಸರಿಯುತ್ತದೆ. ಬಣ್ಣ ನೋಡಿಯೇ ಯಾರು ಬಂದರೆಂದು ಹೇಳಬಹುದು. ತಮ್ಮಲ್ಲಿ ಯಾರು ಬಂದರು, ಯಾರು ಹೋದರು ಎಂಬುದೇ ತಿಳಿಯದು. ನಮ್ಮಮ್ಮ ಒಂದು ಗಳಿಗೆ ನಿಂತು ನೋಡಿ, "ಕರೆಂಟು ಹೋಗೋ ಹಂಗೈತೆ ಕಣ್ರೋ, ಆರ್ಸಿ ಅದನ್ನ" ಎಂದರು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು.

ಮಿತವ್ಯಯದ ವಿಚಾರದಲ್ಲಂತೂ ತಮಗೆ ಸಾಟಿಯಿಲ್ಲ. ಅಸಲು ಆಟದಲ್ಲಿ ಒಂದು ಚುಕ್ಕಿ ತಿಂದರೆ 10 ಅಂಕ, ತಮ್ಮಲ್ಲಿ 1. ದೊಡ್ಡ ಗುಳಿಗೆಗೆ ಅಲ್ಲಿ 50, ಇಲ್ಲಿ 5. ಮೊದಲ ದೆವ್ವ ತಿಂದರೆ ಅಲ್ಲಿ 200, ಇಲ್ಲಿ 20. ಸೊನ್ನೆಯನ್ನೂ ಉಳಿತಾಯ ಮಾಡಿದ ಕಂಪನಿಯನ್ನು ನಾನು ಇನ್ನೊಂದು ಕಂಡಿಲ್ಲ. ಚೆರಿ, ಸ್ಟ್ರಾಬೆರಿ ಹಣ್ಣುಗಳನ್ನೆಲ್ಲ ತೆಗೆದು ಒಂದು ಚೌಕ ಡಬ್ಬಿ ಇಟ್ಟು, ಕೈಪಿಡಿಯಲ್ಲಿ ಅದಕ್ಕೆ ವಿಟಮಿನ್ ಎಂದು ಹೆಸರು ಕೊಟ್ಟಿರಿ. ಮಕ್ಕಳ ಆರೋಗ್ಯದ ಮೇಲೆ ಎಂಥ ಕಾಳಜಿ! ದುಂಡನೆ ಚುಕ್ಕಿಗಳು ಅಡ್ಡಗೀಟುಗಳಾದವು. ಎಡಬಲಕ್ಕಿದ್ದ ಸುರಂಗ ಮೇಲೆ ಕೆಳಗೆ ಹೋಯಿತು. ಪ್ಯಾಕ್-ಮ್ಯಾನ್ ಮಹಾಶಯ ಮೇಲೆ ಹೋಗುವಾಗಲೂ ಮೇಲೆ ನೋಡುವುದಿಲ್ಲ. ಪಕ್ಕಕ್ಕೆ ಮುಖ ಮಾಡಿಕೊಂಡೇ ಬಾಯಿ ಆಡಿಸುತ್ತಾನೆ. ಕಪ್ಪು ಪರದೆಯ ಮೇಲಿದ್ದ ನೀಲಿ ಗೋಡೆಗಳು ಏಕೆ ನೀಲಿ ಪರದೆಯ ಮೇಲೆ ಕೇಸರಿ ಬಣ್ಣದ್ದಾದವು ಎಂದು ಕೇಳಿದರೆ, ಕಪ್ಪು ಹಿನ್ನೆಲೆ ಬಾಹ್ಯಾಕಾಶದ ಆಟಗಳಿಗೆ ಮಾತ್ರ ಎಂದು ಒಳಗೊಂದು ನಿಯಮವಿತ್ತಂತೆ. ಈ ಸಂಗತಿ ಕೇಳಿದ ಮೇಲೆ ತಮ್ಮ ಕಂಪನಿಯ ಬಗ್ಗೆ ಪರಕೀಯ ಭಾವನೆಯೇ ಹೋಯಿತು. ಸುತ್ತೋಲೆ ಇದ್ದ ಮೇಲೆ ಮುಗಿಯಿತಲ್ಲ.

ಯಂತ್ರ ಬಡವ, ಏನು ಮಾಡಲಿ ಎಂದು ತಾವು ಕೇಳಬಹುದು. ನಿಜ. 1977ರಲ್ಲಿ ಬಂದ ಆ ಯಂತ್ರವನ್ನು ಮಾಡಿದ್ದೇ ಚೆಂಡಾಟಕ್ಕೆ, ಟ್ಯಾಂಕ್ ಕಾಳಗಕ್ಕೆ. ಇಬ್ಬರು ಆಟಗಾರರು, ಅವರು ಹೊಡೆಯುವ ಎರಡು ಗುಂಡು, ಒಂದು ಚೆಂಡು. ಓಡಾಡುವ ವಸ್ತುಗಳಲ್ಲಿ ಇಷ್ಟನ್ನೇ ಅದು ತಾನಾಗಿ ಬರೆಯಬಲ್ಲದು. ಅಂಥದ್ದರಲ್ಲಿ ನಾಲ್ಕು ದೆವ್ವ, ಒಬ್ಬ ತಿಂಡಿಪೋತ. ಕೆಲಸದ ನೆನಪಿಗೆ ಇದ್ದಿದ್ದು 128 ಬೈಟು. ಅದೆಷ್ಟು ಎಂದು ನನಗೂ ಅಂದಾಜಿರಲಿಲ್ಲ, ಅಕ್ಕನ ಮಗ ಲೆಕ್ಕ ಹಾಕಿ ಹೇಳಿದ. ಇವತ್ತಿನ ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ 3 ಬೈಟು ಬೇಕು. "ಬುಕ್ಕಾಂಬುಧಿ, ಅಜ್ಜಂಪುರ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ" ಎಂಬ ನನ್ನ ವಿಳಾಸವೇ 138 ಬೈಟು. ತಮ್ಮ ಯಂತ್ರದೊಳಗೆ ಅದನ್ನು ತುರುಕಿದರೆ "ಚಿಕ್ಕಮಗಳೂರು ಜಿ" ಎಂಬಲ್ಲಿಗೆ ಜಾಗ ಮುಗಿಯುತ್ತದೆ. ಅಷ್ಟೇ ಜಾಗದಲ್ಲಿ ಟಾಡ್ ಫ್ರೈ ಎಂಬ ಹುಡುಗ ಒಬ್ಬನೇ ಕೂತು, ಕೆಲವೇ ತಿಂಗಳಲ್ಲಿ, ಇಡೀ ಆಟ ಓಡಿಸಿದ. ಅವನಿಗೆ ನಿಜವಾದ ನಮಸ್ಕಾರ. ಈ ಪತ್ರ ಅವನಿಗಲ್ಲ.

ತಮಗೆ ಏಕೆಂದರೆ, ಆ ಯಂತ್ರ ಅಷ್ಟೊಂದು ಬಡವ ಅಲ್ಲ ಎಂದು ಆಮೇಲೆ ತಾವೇ ಸಾಬೀತು ಮಾಡಿದಿರಿ. ಪ್ಯಾಕ್-ಮ್ಯಾನ್ ಕ್ಯಾಸೆಟ್ಟಿನೊಳಗೆ 4 ಕಿಲೋಬೈಟಿನ ಚಿಪ್ಪು. ಅದಾದ ಮೇಲೆ ಅದೇ ಯಂತ್ರಕ್ಕೆ ತಂದ ಮಿಸ್ ಪ್ಯಾಕ್-ಮ್ಯಾನ್‌ಗೆ 8 ಕಿಲೋಬೈಟು ಕೊಟ್ಟಿರಿ. ಹಣ್ಣು ಹಣ್ಣಾಗಿಯೇ ಬಂತು, ದೆವ್ವಗಳಿಗೆ ಬಣ್ಣ ಬಂತು, ಮಿಣುಕುವುದೂ ಎಷ್ಟೋ ಕಡಿಮೆಯಾಯಿತು. ಅಂದರೆ ಮೊದಲ ಸಲ ಕೊರತೆಯಿದ್ದದ್ದು ಚಿಪ್ಪಿನದು ಮತ್ತು ಸಮಯದ್ದು. ಎರಡನ್ನೂ ಬಿಗಿಹಿಡಿದವರು ತಾವು. ಹೆಸರೊಂದಿದ್ದರೆ ಸಾಕು, ಒಳಗೆ ಏನಿದ್ದರೂ ಜನ ಕೊಳ್ಳುತ್ತಾರೆ ಎಂದುಕೊಂಡಿರಿ. 1982ರ ಏಪ್ರಿಲ್ 3ನ್ನು ರಾಷ್ಟ್ರೀಯ ಪ್ಯಾಕ್-ಮ್ಯಾನ್ ದಿನ ಎಂದು ಸಾರಿ ಸಂಭ್ರಮವನ್ನೂ ಮಾಡಿದಿರಿ. ಜನ ಕೊಂಡರು ಕೂಡ, 70 ಲಕ್ಷಕ್ಕೂ ಮೇಲೆ.

ಇಲ್ಲಿ ಒಂದು ಮುಜುಗರದ ಮಾತು. 1990ರ ದಶಕದಲ್ಲಿ ನಮ್ಮ ಕಡೆಗೂ ಟಿವಿ ಗೇಮ್ ಬಂತು. ನಿಂಟೆಂಡೋದ ಫ್ಯಾಮಿಕಾಮ್ ಯಂತ್ರವನ್ನು ಯಾರಿಗೂ ಹೇಳದೆ ಕೇಳದೆ ನಕಲು ಮಾಡಿದ ಡಬ್ಬ. ಯಾವ ಊರಿನಲ್ಲಿ ಯಾರು ಮಾಡಿದರೋ ದೇವರಿಗೇ ಗೊತ್ತು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿದ್ದರು. ಒಳಗೆ ಹತ್ತಾರು ಆಟಗಳೇ ಹೆಸರು ಬದಲಿಸಿಕೊಂಡು ತಿರುತಿರುಗಿ ಬರುತ್ತಿದ್ದವು. ರಿಮೋಟಿನ ವೈರು ತಿಂಗಳಿಗೊಮ್ಮೆ ಕಿತ್ತು ಬರುತ್ತಿತ್ತು, ಕ್ಯಾಸೆಟ್ಟಿನ ಬಾಯಿಗೆ ಊದಿ ಹಾಕಬೇಕಿತ್ತು. ಆದರೆ ಅದರಲ್ಲಿದ್ದ ಪ್ಯಾಕ್-ಮ್ಯಾನ್, ನಾಮ್ಕೋದವರೇ 1984ರಲ್ಲಿ ಫ್ಯಾಮಿಕಾಮ್‌ಗೆ ಮಾಡಿದ್ದು, ಕಣ್ಣಿಗೆ ಕಟ್ಟಿದ ಹಾಗಿತ್ತು. ನಾಲ್ಕು ದೆವ್ವ ನಾಲ್ಕು ಬಣ್ಣದಲ್ಲಿ ನೆಟ್ಟಗೆ ನಡೆಯುತ್ತಿದ್ದವು. ಲೈಸೆನ್ಸ್ ತೆಗೆದುಕೊಂಡು ಮಾರಿದ ತಮ್ಮ ಮಾಲಿಗಿಂತ ಕಳ್ಳಮಾಲಿನೊಳಗಿನ ಆಟ ಅಸಲಿಗೆ ಹತ್ತಿರವಿತ್ತು. ತಮ್ಮ ಯಂತ್ರಕ್ಕಿಂತ ಆ ಯಂತ್ರ ಆರು ವರ್ಷ ಚಿಕ್ಕದು, ಅನುಕೂಲ ಜಾಸ್ತಿ ಎಂಬುದನ್ನು ಒಪ್ಪುತ್ತೇನೆ. ಆದರೂ ಕಳ್ಳ ಮಾರಿದ್ದರಲ್ಲಿ ಚೆರಿ ಇತ್ತು.

ಇನ್ನು ಲೆಕ್ಕಾಚಾರ. 1982ರಲ್ಲಿ ಜನರ ಬಳಿ ತಮ್ಮ ಸುಮಾರು 1 ಕೋಟಿ ಯಂತ್ರಗಳಿದ್ದರೆ 1.2 ಕೋಟಿ ಪ್ಯಾಕ್-ಮ್ಯಾನ್ ಕ್ಯಾಸೆಟ್ ಮಾಡಿಸಿದಿರಂತೆ. ಆಟಕ್ಕಾಗಿಯೇ ಜನ ಹೊಸ ಯಂತ್ರ ಕೊಳ್ಳುತ್ತಾರೆಂಬ ಆಸೆ. ಸ್ವಾಮಿ, ನಾವು ಅಜ್ಜಂಪುರ ಸೀಮೆಯವರು, ಈರುಳ್ಳಿ ಬೆಳೆಯುವವರು. ಹೋದ ವರ್ಷ ರೇಟು ಏರಿತೆಂದು ಈ ವರ್ಷ ಎಲ್ಲರೂ ಈರುಳ್ಳಿಯನ್ನೇ ಬಿತ್ತಿದರೆ ಏನಾಗುತ್ತದೆಂದು ನಮ್ಮನ್ನು ಒಂದು ಮಾತು ಕೇಳಬಾರದಿತ್ತೆ? ಕೀಳುವ ಕೂಲಿಯೂ ಹುಟ್ಟದೆ ಹೊಲದಲ್ಲೇ ರೋಟವೇಟರ್ ಹೊಡೆಸುತ್ತೇವೆ. ತಾವೂ ಹಾಗೇ ಮಾಡಿದಿರಿ. 1982ರ ಡಿಸೆಂಬರ್ 7ರಂದು ಮಾರಾಟ ಅಂದುಕೊಂಡಷ್ಟು ಏರುವುದಿಲ್ಲ ಎಂದು ಹೇಳಿದ್ದೇ ತಡ, ತಮ್ಮ ಒಡೆಯರಾದ ವಾರ್ನರ್ ಕಂಪನಿಯ ಷೇರು ಮೂರರಲ್ಲಿ ಒಂದು ಪಾಲು ಕುಸಿಯಿತು. 1983ರ ಸೆಪ್ಟೆಂಬರ್‌ನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಎಂಬಲ್ಲಿನ ಕಸದ ಗುಂಡಿಗೆ ಲಾರಿಗಟ್ಟಲೆ ಸರಕು ಸುರಿದು, ಮೇಲೆ ಕಾಂಕ್ರೀಟ್ ಹಾಕಿಸಿದಿರಿ. ವ್ಯತ್ಯಾಸವೆಂದರೆ, 2014ರ ಏಪ್ರಿಲ್‌ನಲ್ಲಿ ಅದನ್ನು ಅಗೆದಾಗ ಸಿಕ್ಕ ಸುಮಾರು 1,300 ಕ್ಯಾಸೆಟ್‌ಗಳಲ್ಲಿ ಹಲವನ್ನು ಜನ ಹರಾಜಿನಲ್ಲಿ ಕೊಂಡರು, 1 ಲಕ್ಷ ಡಾಲರಿಗೂ ಮೇಲೆ ಬಂತು. ನಮ್ಮ ಈರುಳ್ಳಿಯನ್ನು ಮೂವತ್ತು ವರ್ಷ ಬಿಟ್ಟು ಅಗೆದರೆ ಏನು ಸಿಗುತ್ತದೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ತಮ್ಮ ಹೆಸರಿನ ಕಂಪನಿ 2023ರಲ್ಲಿ 2600+ ಎಂದು ಅದೇ ಯಂತ್ರದ ಹೊಸ ರೂಪವನ್ನು ಮಾರುಕಟ್ಟೆಗೆ ಬಿಟ್ಟಿದೆ, ಹಳೇ ಕ್ಯಾಸೆಟ್ಟನ್ನೂ ಅದಕ್ಕೆ ಹಾಕಬಹುದು ಎಂದು ತಿಳಿದು ಸಂತೋಷವಾಯಿತು. ಆದ್ದರಿಂದ ಮಾನ್ಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮುಂದೆ ಯಾವುದೇ ಹಳೇ ಆಟವನ್ನು ಮನೆಗೆ ತರುವಾಗ ಡಬ್ಬದ ಮೇಲೆ ಕಲಾವಿದ ಬರೆದ ಬಣ್ಣದ ಚಿತ್ರ ಹಾಕಬೇಡಿ. ಟಿವಿಯಲ್ಲಿ ಕಾಣುವುದನ್ನೇ ಫೋಟೋ ತೆಗೆದು ಹಾಕಿ. ಫೋಟೋದಲ್ಲಿ ಒಂದೇ ದೆವ್ವ ಬಂದಿದ್ದರೆ, ಮಿಕ್ಕ ಮೂರು ರಜೆಯಲ್ಲಿವೆ ಎಂದು ಕೆಳಗೆ ಮುದ್ರಿಸಿ. ಕೊಳ್ಳುವವರು ಆಮೇಲೂ ಕೊಂಡರೆ ಅದು ಅವರ ಹಣೆಬರಹ.

ಇಂತಿ ತಮ್ಮ ವಿಶ್ವಾಸಿ,
ಬುಕ್ಕಾಂಬುಧಿಯ ಒಬ್ಬ ಈರುಳ್ಳಿ ಬೆಳೆಗಾರ