ಲಡಾಖ್ ಕ್ಯಾಪ್ಟನ್

ಮಂಡ್ಯ ಸೀಮೆಯ ಊರುಗಳಲ್ಲಿ ಒಬ್ಬ ಮಾಜಿ ಚೇರ್ಮನ್ನು, ಒಬ್ಬ ಮಾಜಿ ಪೈಲ್ವಾನ ಇದ್ದೇ ಇರುತ್ತಾರೆ. ಈಚೆಗೆ ಆ ಸಾಲಿಗೆ ಲಡಾಖ್ ಕ್ಯಾಪ್ಟನ್ ಸೇರಿಕೊಂಡಿದ್ದಾನೆ. ಇವನು ಮಾಜಿ ಅಲ್ಲ, ಭಾವಿ. ಬೈಕ್ ಸವಾರರ ವಾಟ್ಸ್ಯಾಪ್ ಗುಂಪು ಮಾಡಿದವನೇ ಇವನಾದ್ದರಿಂದ ಕ್ಯಾಪ್ಟನ್ ಪದವಿಗೆ ಚುನಾವಣೆ ನಡೆಯಲಿಲ್ಲ. ಗುಂಪಿನ ಗುರಿ ಕನ್ಯಾಕುಮಾರಿಯಿಂದ ಲಡಾಖಿನ ಖರ್ದುಂಗ್ಲಾ. ಅದಾದ ಮೇಲೆ ಲಂಡನ್. ಆ ದಾರಿಯ ಗಡಿಗಳನ್ನು ದಾಟಲು ಬೈಕಿಗೂ ಕಾರ್ನೆ ಎಂಬ ಕಾಗದ ಬೇಕೆಂಬುದು ಅವನಿಗೆ ಗೊತ್ತು. ಸದ್ಯಕ್ಕೆ ಎಮಿಷನ್ ಸರ್ಟಿಫಿಕೇಟಿನ ಅವಧಿ ಮುಗಿದಿದೆ, ಆ ಮಾತು ಬೇರೆ.

ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಅವನು ದಪ್ಪನೆ ಜಾಕೆಟ್ಟು, ಮೊಣಕಾಲಿಗೆ ಗಾರ್ಡು, ಕಣಕಾಲು ಮುಚ್ಚುವ ಬೂಟು ತೊಟ್ಟು ನಿಲ್ಲುತ್ತಾನೆ. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕ್ಯಾಮೆರಾ. ಅವ್ವ ಕೊಟ್ಟಿಗೆಯಿಂದಲೇ ಕೂಗುತ್ತಾಳೆ: "ಓಗೋದೇನೋ ಓಯ್ತೀಯ, ಡೈರಿಗೆ ಹಾಲಾಕ್ಬುಟ್ಟು ಓಗ್ಲಾ." ಹಿಮಾಲಯನ್ ಬೈಕಿಗೆ ಹಾಲಿನ ಕ್ಯಾನು ಸಿಕ್ಕಿಸುವುದು ಹೇಗೆಂದು ಕಂಪನಿಯವರು ಯೋಚಿಸಿಲ್ಲ, ಕ್ಯಾಪ್ಟನ್ ಯೋಚಿಸಿದ್ದಾನೆ.

ಹೊರಟ ಮೇಲೆ ಮೊದಲ ಅಡ್ಡಿ ಹಿಮವಲ್ಲ, ಹೆದ್ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು, ಇದೇ ಸೀಮೆಯ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮೇಲೆ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಕ್ಯಾಪ್ಟನ್ನನ ನೋವು ಸರ್ವೀಸ್ ರೋಡಿನದಲ್ಲ. ತನ್ನ 411 ಸಿಸಿ ಗಾಡಿಯನ್ನೂ ಅಪ್ಪನ ಕಬ್ಬಿನ ಟ್ರ್ಯಾಕ್ಟರನ್ನೂ ಸರ್ಕಾರ ಒಂದೇ ಪಟ್ಟಿಯಲ್ಲಿ ಬರೆಯಿತಲ್ಲ ಎಂಬುದು.

ಹಾಗಾಗಿ ಲಡಾಖ್ ದಾರಿ ಹಳೇ ರಸ್ತೆಯಲ್ಲೇ ಸಾಗಿ ಮದ್ದೂರಿನ ವಡೆ ಹೋಟೆಲಿನ ಮುಂದೆ ನಿಲ್ಲುತ್ತದೆ. ವಡೆ ಮುರಿದು ಚಟ್ನಿಗೆ ಅದ್ದುತ್ತ ಅವನು ಎತ್ತರದ ಲೆಕ್ಕ ತೆಗೆಯುತ್ತಾನೆ. ಖರ್ದುಂಗ್ಲಾದ ಬೋರ್ಡಿನಲ್ಲಿ 18,380 ಅಡಿ ಎಂದು ಬರೆದಿದ್ದರೂ ಅಳತೆಗೆ ಸಿಕ್ಕಿದ್ದು 17,582; ಅದಕ್ಕಿಂತ ಎತ್ತರದ್ದು ಉಮ್ಲಿಂಗ್ಲಾ, 19,024. ಮನಾಲಿ ದಾಟಿದರೆ 2020ರಲ್ಲಿ ತೆರೆದ ಅಟಲ್ ಸುರಂಗ, 9.02 ಕಿಲೋಮೀಟರ್. ಪಕ್ಕದ ಟೇಬಲ್ಲಿನವರು ಬೆರಗಾಗಿ, "ಎಷ್ಟು ಸಲ ಹೋಗಿದ್ದೀರಿ ಸಾರ್?" ಎಂದರೆ, ಅವನು ಇನ್ನೊಂದು ಪ್ಲೇಟ್ ವಡೆ ಹೇಳುತ್ತಾನೆ.

ವಡೆಯಾದ ಮೇಲೆ ಅಭ್ಯಾಸದ ಓಟ: ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ. ಗುಂಡಿ ಕಂಡರೆ ಹಿಂದಿನವರಿಗೆ ತಿಳಿಯಲೆಂದು ಕಾಲು ಚಾಚಬೇಕು ಎಂಬುದು ಗುಂಪಿನ ನಿಯಮ. ಮಳೆಗಾಲ ಮುಗಿದ ಹೊಸತರಲ್ಲಿ ಒಮ್ಮೆ ಚಾಚಿದ ಕಾಲನ್ನು ಒಳಗೆಳೆದುಕೊಳ್ಳುವ ಅವಕಾಶವೇ ಸಿಗಲಿಲ್ಲ. ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬಳು, "ಕಾಲ್ಗೇನಾಯ್ತು ಮಗ?" ಎಂದು ಮರುಗಿದಳು. ನಿಲ್ಲಿ ಎಂಬ ಸನ್ನೆಗೆ ಎಡಗೈ ಎತ್ತಿದರೆ, ಕಬ್ಬಿನ ಗಾಡಿಯವರು ಗೌಡರ ಮಗ ಎಂದು ಗುರುತಿಸಿ ತಿರುಗಿ ನಮಸ್ಕಾರ ಮಾಡುತ್ತಾರೆ.

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಬೈಕು ಮಾಡಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಯೊಂದು ದೊಡ್ಡಪ್ಪನ ಹತ್ತಿರ ಇನ್ನೂ ಇದೆ. ಅವರದು ಒಂದೇ ಮಾತು: "ನಾನೂ ಓಗಿವ್ನಿ ಬಂದಿವ್ನಿ. ಯಾರ್ಗೂ ಲೊಕೇಶನ್ ಕಳಿಸ್ಲಿಲ್ಲ ಕಣ್ಲಾ." ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿ ತಲುಪಿತ್ತು, ಕ್ಯಾಪ್ಟನ್ನು ಮಾತ್ರ ಅಲ್ಲಿಯ ಗಗನಚುಕ್ಕಿ ಜಲಪಾತ ನೋಡಿಕೊಂಡು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರುತ್ತಾನೆ.

ಹಾಗೆಂದು ಅವನನ್ನು ಹಗುರವಾಗಿ ಕಾಣಬಾರದು. ರಾತ್ರಿ ಹನ್ನೊಂದಕ್ಕೆ ಹಲಗೂರಿನ ಹತ್ತಿರ ನಿಮ್ಮ ಗಾಡಿ ಪಂಕ್ಚರ್ ಆದರೆ ಬಂಧುಗಳ ಫೋನು ಸ್ವಿಚ್ಡ್ ಆಫ್ ಇರುತ್ತದೆ. ಇವನು ಗಾಳಿ ಪಂಪು, ಹೆಡ್‌ಲೈಟು, ಜಾಕೆಟ್ಟು ಸಮೇತ ಬರುತ್ತಾನೆ. ಲಡಾಖಿಗೆಂದು ಕೊಂಡ ಸಾಮಾನೆಲ್ಲ ಮಂಡ್ಯ ಜಿಲ್ಲೆಯಲ್ಲೇ ಸವೆಯುತ್ತಿದೆ. ಲಡಾಖಿಗೆ ಇದರಿಂದ ನಷ್ಟವೇನೂ ಆಗಿಲ್ಲ, ಜಿಲ್ಲೆಗೆ ಲಾಭವಾಗಿದೆ.

ಓದುಗರಿಗೆ ಒಂದು ಕಿವಿಮಾತು: ಭಾನುವಾರ ಮದ್ದೂರಿನಲ್ಲಿ ಬಿಸಿ ವಡೆ ಬೇಕಿದ್ದರೆ ಎಂಟು ಗಂಟೆಯೊಳಗೆ ಹೋಗಿ. ಆಮೇಲೆ ಲಡಾಖಿಗೆ ಹೊರಟವರು ಬಂದಿರುತ್ತಾರೆ.