ಸುಡೋ ಸ್ವಾಮಿ

ನಮ್ಮ ತಾಯಿ ಹಾಸನದ ಕಡೆಯ ಊರಿನಿಂದ ದೊಡ್ಡತೋಗೂರಿನ ನಮ್ಮ ಫ್ಲ್ಯಾಟಿಗೆ ಬಂದು ನಾಲ್ಕು ದಿನವಾಗಿತ್ತಷ್ಟೆ. ಭಾನುವಾರ ಬೆಳಿಗ್ಗೆ ಎದುರುಮನೆಯ ತೆರೆದ ಬಾಗಿಲಿನಿಂದ ಗಂಡಸಿನ ದನಿ ಗಟ್ಟಿಯಾಗಿ ಕೇಳಿಸಿತು: “ಸುಡೋ… ಹ್ಞೂಂ… ಸುಡೋ… ಇನ್ನೊಂದ್ಸಲ ಸುಡೋ!” ಕಾಯಿ ತುರಿಯುತ್ತಿದ್ದ ಅಮ್ಮ ತುರಿಮಣೆ ಬಿಟ್ಟು ಎದ್ದರು. “ಏನೋ ಅದು? ಬೆಳಬೆಳಗ್ಗೆ ಏನು ಸುಡ್ತಾ ಇದಾನೆ ಅವನು? ಒಂದು ಬಿಂದಿಗೆ ನೀರು ತಗೊಂಡು ಓಡೋ.”

ನೀರು ಬೇಕಾಗಲಿಲ್ಲ. ಅವರು ವೈಫೈ ಸರಿಮಾಡುತ್ತಿದ್ದರು. ಲಿನಕ್ಸ್ ಯಂತ್ರಕ್ಕೆ ಯಜಮಾನನ ಗತ್ತಿನಲ್ಲಿ ಏನಾದರೂ ಅಪ್ಪಣೆ ಕೊಡಬೇಕಾದರೆ ಮೊದಲು ‘ಸುಡೋ’ ಎಂದು ಬರೆಯಬೇಕು. ಅದು ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟ ಮೇಲೆ ಮರುಮಾತಾಡದೆ ಹೇಳಿದ್ದನ್ನು ಮಾಡುತ್ತದೆ, ತಪ್ಪು ಹೇಳಿದ್ದರೂ. ಇದನ್ನೆಲ್ಲ ಕೇಳಿದ ಅಮ್ಮ ಅವರಿಗೆ ಇಟ್ಟ ಹೆಸರು ‘ಸುಡೋ ಸ್ವಾಮಿ’. ಸಂಜೆಯೊಳಗೆ ಇಡೀ ಬ್ಲಾಕಿಗೆ ಅದೇ ಹೆಸರಾಯಿತು. ಅವರಿಗೂ ಇಷ್ಟವಾಯಿತು.

ಸ್ವಾಮಿಯವರಿಗೆ ವಯಸ್ಸು ನಲವತ್ತೆಂಟು. ತಲೆಯ ಮುಂಭಾಗ ಖಾಲಿಯಾಗುತ್ತ ಬಂದಷ್ಟನ್ನೂ ಗಡ್ಡದಲ್ಲಿ ವಸೂಲು ಮಾಡಿಕೊಂಡಿದ್ದಾರೆ. ಭಾನುವಾರದ ಸಮವಸ್ತ್ರ ಒಂದು ಮಾಸಿದ ಟೀ ಶರ್ಟು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಶುರುವಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು, 2012ರಲ್ಲಿ ಮಂಗಳ ಹಾಡಿದ ಸಮ್ಮೇಳನದ ಅಂಗಿ ಅದು. ಮೇಲಿನ ಅಕ್ಷರಗಳು ಅಳಿಸಿಹೋಗಿವೆ. ಯಾರೂ ಕೇಳದಿದ್ದರೂ ಅವರೇ ಓದಿ ಹೇಳುತ್ತಾರೆ. ಪಾರಿವಾಳ ಓಡಿಸಲು ನಾವೆಲ್ಲ ಬಾಲ್ಕನಿಯಲ್ಲಿ ಹಳೆ ಸಿನಿಮಾ ಸೀಡಿ ನೇತುಹಾಕಿದರೆ ಅವರು ನೇತುಹಾಕಿರುವುದು ಉಬುಂಟು ಎಂಬ ಲಿನಕ್ಸಿನ ಸೀಡಿ. 2011ರವರೆಗೂ ಅವು ಕೇಳಿದವರಿಗೆಲ್ಲ ಟಪಾಲಿನಲ್ಲಿ ಪುಕ್ಕಟೆ ಬರುತ್ತಿದ್ದವು. ಸ್ವಾಮಿ ತಮ್ಮ ಮದುವೆಯಲ್ಲಿ ತಾಂಬೂಲದ ಜತೆ ಒಂದೊಂದು ಹಂಚಿದರಂತೆ. ಮಿಕ್ಕವು ಬಾಲ್ಕನಿಗೆ ಬಂದಿವೆ. ಪಾರಿವಾಳಗಳು ಹೆದರುತ್ತವೆ. ನೆಂಟರೂ ಹೆದರಿದ್ದರು.

ಇವರ ಮಾತು ಅರ್ಧ ಕಿವಿಗೆ ಬಿದ್ದರೆ ಅಪಾಯ. ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷರು ನಿವೃತ್ತ ಕರ್ನಲ್. ಒಮ್ಮೆ ಲಿಫ್ಟಿನಲ್ಲಿ ಅವರು ಹಿಂದೆ ನಿಂತಿದ್ದಾಗ ಸ್ವಾಮಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: “ಕರ್ನಲ್ ಹಳೇದಾಯ್ತು ಕಣಯ್ಯಾ, ಇನ್ನೆಷ್ಟು ದಿನ ಇಟ್ಕೋತೀಯಾ? ತೆಗೆದುಹಾಕಿ ಹೊಸದು ಹಾಕ್ಕೋ. ಪ್ಯಾನಿಕ್ ಆದ್ರೆ ಆಗ್ಲಿ ಬಿಡು.” ಮುಂದಿನ ಸಭೆಗೆ ಕರ್ನಲ್ ಸಾಹೇಬರು ರಾಜೀನಾಮೆ ಪತ್ರ ಹಿಡಿದೇ ಬಂದರು. ಲಿನಕ್ಸಿನ ತಿರುಳಿಗೂ ಕರ್ನಲ್ ಎನ್ನುತ್ತಾರೆಂದೂ, ಅದನ್ನು ಫಿನ್ಲೆಂಡಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆಯತೊಡಗಿದನೆಂದೂ, ಅದಕ್ಕೆ ಸೈನ್ಯದಲ್ಲಿ ಯಾವ ಹುದ್ದೆಯೂ ಇಲ್ಲವೆಂದೂ ವಿವರಿಸುವಷ್ಟರಲ್ಲಿ ಎರಡು ಸುತ್ತು ಕಾಫಿ ಆಗಿತ್ತು.

ಈ ಜಾತಿಯವರು ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಷ್ಟೇ ಇದ್ದಾರೆಂದುಕೊಳ್ಳಬೇಡಿ. ವೈಟ್‌ಫೀಲ್ಡಿನಲ್ಲಿ ಟಿವಿ ಡಬ್ಬಿಗೂ ಲಿನಕ್ಸ್ ಹಾಕಿ, ಕ್ರಿಕೆಟ್ಟಿನ ಕೊನೆಯ ಓವರಿಗೆ ಸರಿಯಾಗಿ ಕಪ್ಪು ಪರದೆ ತರಿಸುವವರು ಇದ್ದಾರೆ. ಪೀಣ್ಯದಲ್ಲಿ ಲೇತ್ ಮಿಷನ್ನಿನ ಪಕ್ಕ ಎಣ್ಣೆ ಕೈಯಲ್ಲೇ ಬಿಲ್ಲಿನ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಜಿಎಸ್‌ಟಿಯ ಕೊನೆಯ ದಿನ ಪ್ರಿಂಟರ್ ಕಾಣದೆ ಒದ್ದಾಡುವ ಯಜಮಾನರೂ ಇದ್ದಾರೆ. ನಮ್ಮ ಸ್ವಾಮಿಯವರ ವಿಶೇಷವೆಂದರೆ ಅವರ ನೆಟ್‌ಬುಕ್ಕು.

2007ರ ಕೊನೆಗೆ ಏಸುಸ್ ಕಂಪನಿ ಏಳಿಂಚಿನ ಪುಟ್ಟ ‘ಈ ಪಿಸಿ’ ತಂದಾಗ ಅದರೊಳಗೆ ಇದ್ದದ್ದು ಲಿನಕ್ಸ್. ಮರುವರ್ಷ ಎಲ್ಲ ಕಂಪನಿಗಳೂ ನೆಟ್‌ಬುಕ್ ಮಾಡಲು ಮುಗಿಬಿದ್ದವು. ಇನ್ನೇನು ಲಿನಕ್ಸ್ ಗೆದ್ದಂತೆಯೇ ಎಂದು ಸ್ವಾಮಿ ಎಸ್‌.ಪಿ. ರೋಡಿಗೆ ಓಡಿ ಹತ್ತಿಂಚಿನದೊಂದನ್ನು ತಂದರು. ಕೆಲವೇ ವರ್ಷದಲ್ಲಿ ಟ್ಯಾಬ್ಲೆಟ್ ಬಂದು ನೆಟ್‌ಬುಕ್ಕಿನ ವಂಶವೇ ಅಳಿಯಿತು. ಸ್ವಾಮಿಯವರ ಮನೆಯಲ್ಲಿ ಒಂದು ಉಳಿಯಿತು. 1.6 ಗಿಗಾಹರ್ಟ್ಸಿನ ಆಟಮ್ ಚಿಪ್ಪು, 1 ಜಿಬಿ ಮೆಮೊರಿ. ನನ್ನ ಮಗಳು ಬಿಸಾಡಿದ ಫೋನಿನಲ್ಲೂ ಇದಕ್ಕಿಂತ ಹೆಚ್ಚಿದೆ. ಬ್ಯಾಟರಿ ಎಂಟು ನಿಮಿಷ ಬರುತ್ತದೆ. ಕೀಬೋರ್ಡಿನಲ್ಲಿ ‘ಎನ್’ ಅಕ್ಷರದ ಗುಂಡಿ ಉದುರಿ ರಬ್ಬರಿನ ಗುಳ್ಳೆ ಮಾತ್ರ ಉಳಿದಿದೆ.

2025ರ ಆಗಸ್ಟ್ 10ರಂದು ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೊ ಉದ್ಘಾಟನೆಯಾದಾಗ ಇಡೀ ಎಲೆಕ್ಟ್ರಾನಿಕ್ ಸಿಟಿ ಸಂಭ್ರಮದಲ್ಲಿತ್ತು. ಸ್ವಾಮಿಯವರು ಸೂತಕದಲ್ಲಿದ್ದರು. ಹಿಂದಿನ ದಿನವಷ್ಟೇ, ಅವರ ನೆಟ್‌ಬುಕ್ಕಿನಲ್ಲಿರುವ ಡೆಬಿಯನ್ ಎಂಬ ಲಿನಕ್ಸಿನ 13ನೇ ಆವೃತ್ತಿ ಬಿಡುಗಡೆಯಾಗಿ, ಇಂಥ ಹಳೆಯ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತ್ತು. “ಊರಿಗೆಲ್ಲ ರೈಲು ಬಂತು ಸಾರ್. ನನ್ನ ಮಗೂಗೆ ಮಾತ್ರ ಸ್ಟಾಪ್ ಇಲ್ಲ” ಎಂದರು. ಮಗು ಡೆಬಿಯನ್ 12ರಲ್ಲೇ ನಿಂತಿದೆ.

ಈಗ ಆ ಭಾನುವಾರದ ಕಥೆ. ಶನಿವಾರ ರಾತ್ರಿ ಕರೆಂಟು ಹೋಗಿ ಬಂತು. ಬಂದಮೇಲೆ ಅವರ ಹೆಂಡತಿ ಮಕ್ಕಳ ಫೋನಿಗೆಲ್ಲ ವೈಫೈ ಸಿಕ್ಕಿತು, ನೆಟ್‌ಬುಕ್ಕಿಗೆ ಸಿಗಲಿಲ್ಲ. ಅಕ್ಕಪಕ್ಕದ ಮನೆಗಳ ಹನ್ನೆರಡು ವೈಫೈ ಕಾಣುತ್ತದೆ, ಸ್ವಂತ ಮನೆಯದು ಕಾಣದು. ಬೇರೆಯವರಾಗಿದ್ದರೆ ನೆಟ್‌ಬುಕ್ ಮುಚ್ಚಿಟ್ಟು ದೋಸೆ ತಿನ್ನಲು ಹೋಗುತ್ತಿದ್ದರು. ಸ್ವಾಮಿಯವರ ಮುಖದಲ್ಲಿ ಹಬ್ಬದ ಕಳೆ ಬಂತು.

ಮೊದಲ ಪೂಜೆ ಸ್ವಿಚ್ಚಿಗೆ. ನೆಟ್‌ಬುಕ್ಕಿನ ಮುಂದಿನ ಅಂಚಿನಲ್ಲಿ ವೈಫೈಗೆಂದೇ ಉಗುರಿನಷ್ಟು ಸ್ವಿಚ್ಚಿದೆ. ತೊಡೆಯ ಮೇಲೆ ಇಟ್ಟುಕೊಂಡರೆ ಹೊಟ್ಟೆ ತಾಗಿಯೇ ಆಫ್ ಆಗುತ್ತದೆ. 2010ರಲ್ಲಿ ಒಮ್ಮೆ ಸ್ವಾಮಿ ಮೂರು ರಾತ್ರಿ ಡ್ರೈವರ್ ಮೇಲೆ ಡ್ರೈವರ್ ಬದಲಿಸಿ, ನಾಲ್ಕನೆಯ ದಿನ ಈ ಸ್ವಿಚ್ಚನ್ನು ಕಂಡರು. ಅದನ್ನು ಅವರು ಯಾರಿಗೂ ಹೇಳಿಲ್ಲ. ಅವರ ಹೆಂಡತಿ ಎಲ್ಲರಿಗೂ ಹೇಳಿದ್ದಾರೆ.

ಸ್ವಿಚ್ ಸರಿಯಾಗಿತ್ತು. ಆಮೇಲೆ ‘ಆರ್‌ಎಫ್‌ಕಿಲ್’ ಎಂಬ ಆಜ್ಞೆ. ರೇಡಿಯೊವನ್ನು ಯಾರಾದರೂ ಕಟ್ಟಿಹಾಕಿದ್ದಾರೆಯೇ ಎಂದು ಅದು ಹೇಳುತ್ತದೆ. ಕಟ್ಟು ಎರಡು ಬಗೆ, ಸಾಫ್ಟ್ ಮತ್ತು ಹಾರ್ಡ್. ನನಗೆ ಅರ್ಥವಾಗಲೆಂದು ಅವರೇ ಬಿಡಿಸಿ ಹೇಳಿದರು: “ಸಾಫ್ಟ್ ಬ್ಲಾಕ್ ಅಂದ್ರೆ ಮ್ಯಾನೇಜರ್ ‘ನೋಡೋಣ’ ಅಂದಂಗೆ ಸಾರ್. ಹಾರ್ಡ್ ಬ್ಲಾಕ್ ಅಂದ್ರೆ ಎಚ್‌ಆರ್‌ನವರು ‘ಪಾಲಿಸಿ ಇಲ್ಲ’ ಅಂದಂಗೆ.” ಎರಡೂ ಇರಲಿಲ್ಲ. ಚಿಪ್ಪು ಇದೆಯೇ ಎಂದು ನೋಡಿದರು, ಇತ್ತು. ಯಂತ್ರ ಎದ್ದಾಗಿನಿಂದ ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿಯನ್ನು ಪರದೆಯ ಮೇಲೆ ಹರಿಯಬಿಟ್ಟರು. ನೂರಾರು ಸಾಲು. ಕಾಫಿ ತಂದ ಅಮ್ಮ ಅದನ್ನು ನೋಡಿ, “ಪಾಪ, ಎಷ್ಟೊಂದು ಹೇಳ್ಕೋತಾ ಇದೆ! ಕೇಳೋರು ನೀನೊಬ್ಬನೇ ಏನಪ್ಪಾ?” ಎಂದರು. ಸ್ವಾಮಿ ಅಮ್ಮನ ಕಡೆ ಕೃತಜ್ಞತೆಯಿಂದ ನೋಡಿದರು. ಹದಿನೈದು ವರ್ಷದಲ್ಲಿ ಹಾಗೆ ಕೇಳಿದ ಮೊದಲ ಮನುಷ್ಯರು ಅವರು.

ಮುಂದಿನ ಅನುಮಾನ ಫರ್ಮ್‌ವೇರ್ ಮೇಲೆ. ಅನೇಕ ವೈಫೈ ಚಿಪ್ಪುಗಳಿಗೆ ಜೀವ ಬರಬೇಕಾದರೆ ತಯಾರಕರು ಬರೆದ ಸಣ್ಣ ಫೈಲೊಂದು ಬೇಕು. ಅದು ಮುಕ್ತ ತಂತ್ರಾಂಶವಲ್ಲವೆಂದು ಡೆಬಿಯನ್‌ನ ಮಡಿವಂತರು ಬಹಳ ವರ್ಷ ಅದನ್ನು ಅಧಿಕೃತ ಇನ್‌ಸ್ಟಾಲರಿನ ಹೊಸ್ತಿಲು ದಾಟಿಸಿರಲಿಲ್ಲ. 2022ರಲ್ಲಿ ಮತ ಹಾಕಿ, 2023ರ ಡೆಬಿಯನ್ 12ರಲ್ಲಿ ಒಳಗೆ ಕರೆದರು. ಅಲ್ಲಿಯವರೆಗೆ ಸ್ವಾಮಿಯಂಥವರ ಪಾಡು ಗಾದೆಯಲ್ಲಿ ಹೇಳಿದ ಹಾಗೆಯೇ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನೆಟ್ ಬರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಲು ನೆಟ್ ಬೇಕು. ಪೆನ್‌ಡ್ರೈವ್ ಹಿಡಿದು ಸೈಬರ್ ಕೆಫೆಗೆ ಓಡಿ, ಗಂಟೆಗೆ ಇಷ್ಟೆಂದು ದುಡ್ಡು ಕೊಟ್ಟು, ಉಚಿತ ತಂತ್ರಾಂಶ ತರುತ್ತಿದ್ದರು.

ಈ ಸಲ ಫರ್ಮ್‌ವೇರೂ ಸರಿಯಾಗಿತ್ತು. ಊಟದ ಹೊತ್ತಾಯಿತು. “ಅಂಕಲ್, ಲ್ಯಾನ್ ಕೇಬಲ್ ಹಾಕ್ಬಹುದಲ್ವಾ?” ಎಂದಳು ನನ್ನ ಮಗಳು. ಸ್ವಾಮಿ ತಲೆ ಎತ್ತಲಿಲ್ಲ. “ಅದು ಪರಿಹಾರ ಅಲ್ಲ ಪುಟ್ಟಿ, ಪಲಾಯನ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಸಾರ್, ನಿಮ್ಮ ಫೋನು ಒಂದೈದು ನಿಮಿಷ” ಎಂದರು. ಅವರ ಫೋನನ್ನು ಹಿಂದಿನ ಭಾನುವಾರ ಸುಧಾರಿಸಿದ್ದರು, ಅದು ಇನ್ನೂ ಎದ್ದಿರಲಿಲ್ಲ. ಮನೆಯವರು ಕೊಡುವುದಿಲ್ಲ. ನಾನು ಕೊಟ್ಟೆ. ಲಿನಕ್ಸಿನವರ ಐದು ನಿಮಿಷ, ಸಿಲ್ಕ್ ಬೋರ್ಡಿನ ಐದು ನಿಮಿಷ, ಎರಡೂ ಒಂದೇ ಗಡಿಯಾರದವು ಎಂದು ಆಮೇಲೆ ತಿಳಿಯಿತು.

ಗಾಳಿಯಲ್ಲಿ ಯಾವ ವೈಫೈ ಎಲ್ಲಿದೆಯೆಂದು ತೋರಿಸುವ ಆ್ಯಪ್ ಒಂದನ್ನು ಅದರಲ್ಲಿ ಹಾಕಿದರು. ಪರದೆಯ ಮೇಲೆ ಬೆಟ್ಟದ ಸಾಲು ಮೂಡಿತು. 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ನಮ್ಮ ದೇಶಕ್ಕೆ 13 ಚಾನೆಲ್. ಅಮೆರಿಕದವರು ರೂಢಿಯಲ್ಲಿ ಬಳಸುವುದು 11. ಅದರಲ್ಲೂ ಒಂದಕ್ಕೊಂದು ಮೈ ತಾಗದವು 1, 6, 11. ನಮ್ಮ ಬ್ಲಾಕಿನವರೆಲ್ಲ ಆ ಮೂರರಲ್ಲೇ ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಸಂಜೆ ಆರರ ಹೊಸೂರು ರಸ್ತೆಯ ಹಾಗೆ. ದೂರದ 13ರಲ್ಲಿ ಒಂಟಿ ಬೆಟ್ಟವೊಂದು ಆರಾಮಾಗಿ ಕೂತಿತ್ತು. ಅದು ಸ್ವಾಮಿಯವರ ರೂಟರ್. ರಾತ್ರಿ ಕರೆಂಟು ಬಂದಾಗ ಎದ್ದು, ಸುತ್ತ ನೋಡಿ, ಜಾಗ ಖಾಲಿಯಿದ್ದ ಕಡೆ ಹೋಗಿ ಕೂತಿದೆ. ಸಿಮ್ಮೂ ಟವರ್ರೂ ಇರುವ ಫೋನುಗಳಿಗೆ ತಾವು ಭಾರತದಲ್ಲಿದ್ದೇವೆಂದು ಗೊತ್ತು, ಅದಕ್ಕೇ ಅವು 13ರವರೆಗೂ ಹುಡುಕುತ್ತವೆ. ನೆಟ್‌ಬುಕ್ಕು?

ಸ್ವಾಮಿ ಅದನ್ನೇ ಕೇಳಿದರು. ನೀನು ಯಾವ ದೇಶದಲ್ಲಿದ್ದೀಯ ಎಂದು ಕೇಳಲು ಒಂದು ಆಜ್ಞೆಯಿದೆ. ಯಂತ್ರ ಎರಡೇ ಅಕ್ಷರದಲ್ಲಿ ಉತ್ತರ ಕೊಟ್ಟಿತು: ಯುಎಸ್.

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಒಂದು ಮೂಲೆಯ ಫೈಲಿನಲ್ಲಿ ಯಾವಾಗಲೋ ಯಾರೋ ಆ ಸಾಲು ಬರೆದಿದ್ದರು. ಎಷ್ಟು ಆವೃತ್ತಿ ಬದಲಾದರೂ ಸಾಲು ಬದಲಾಗಿರಲಿಲ್ಲ. ಬರೆದವರು ಯಾರೆಂದು ನಾವು ಕೇಳಲಿಲ್ಲ, ಸ್ವಾಮಿಯವರೇ ಒಪ್ಪಿಕೊಂಡರು. “ಆಗ ಅಮೆರಿಕದ ಪ್ರಾಜೆಕ್ಟು ಸಾರ್, ನೈಟ್ ಶಿಫ್ಟು. ಗಡಿಯಾರ, ರಜಾ, ತಾರೀಕು ಎಲ್ಲ ಅಲ್ಲಿನ ಲೆಕ್ಕಕ್ಕೇ ಇಟ್ಕೊಂಡಿದ್ದೆ. ಇದಕ್ಕೂ ಹಾಗೇ ಬರೆದುಬಿಟ್ಟಿದೀನಿ.”

“ನಮ್ಮೂರ ಮಕ್ಕಳೂ ಹಂಗೇ ಕಣಪ್ಪಾ” ಎಂದರು ಅಮ್ಮ. “ಅವು ಎದ್ದು ಹೋದವು. ನಿಂದು ಇಲ್ಲೇ ಕೂತು ಹೋಗಿದೆ.”

“ಸುಡೋ” ಎಂದರು ಸ್ವಾಮಿ, ಈ ಸಲ ಮೆಲ್ಲಗೆ. ಅಮ್ಮ ನೀರು ತರಲು ಏಳಲಿಲ್ಲ. ದೇಶದ ಹೆಸರಿನ ಜಾಗಕ್ಕೆ ಬಂದಾಗ ‘ಐ’ ಒತ್ತಿದರು. ‘ಎನ್’ ಗುಂಡಿ ಇಲ್ಲವಲ್ಲ, ರಬ್ಬರ್ ಗುಳ್ಳೆಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದರು. ನೆಟ್‌ಬುಕ್ಕು ಭಾರತಕ್ಕೆ ಬಂತು. ಮನೆಯ ವೈಫೈ ಕಣ್ಣಿಗೆ ಬಿತ್ತು. ಮೂರೂ ಮುಕ್ಕಾಲಾಗಿತ್ತು.

ಇಷ್ಟು ಪಾಡುಪಟ್ಟು ತಂದ ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾರೋ ಎಂದು ನಾವೆಲ್ಲ ಬಗ್ಗಿ ನೋಡಿದೆವು. ದೂರದ ಯಾವುದೋ ಕಂಪ್ಯೂಟರಿಗೆ ನಾಲ್ಕು ಸಲ ‘ಇದ್ದೀಯಾ?’ ಎಂದು ಕೇಳಿದರು. ನಾಲ್ಕು ಸಲ ‘ಇದ್ದೀನಿ’ ಎಂದು ಉತ್ತರ ಬಂತು. ತೃಪ್ತಿಯಿಂದ ಮುಚ್ಚಿಟ್ಟರು. “ಅಷ್ಟೇನಾ ಅಂಕಲ್?” ಎಂದಳು ಮಗಳು. “ಅಷ್ಟೇ” ಎಂದು ಎದ್ದು ಹೋದರು.

ನಾನು ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವನು. ಇದರಲ್ಲಿ ಲಾಭವೆಲ್ಲಿ ಎಂದು ಯೋಚಿಸಿದೆ. 1976ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಕಿಯೋನಿಕ್ಸ್, ಅದರ ಮುಖ್ಯಸ್ಥರಾಗಿದ್ದ ಆರ್‌.ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿದ್ದು ಹೆಸರೇ ಹೇಳುವಂತೆ ಎಲೆಕ್ಟ್ರಾನಿಕ್ ಸಾಮಾನಿಗೆ, ಬಿಚ್ಚಿ ಜೋಡಿಸುವ ಕೈಗಳಿಗೆ. ಈಗ ಇಲ್ಲಿ ಹೆಚ್ಚಾಗಿ ಬೆಳೆಯುವುದು ಟಿಕೆಟ್. ಸ್ವಾಮಿಯವರಿಗೆ ಆಫೀಸು ಕೊಟ್ಟಿರುವ ಲ್ಯಾಪ್‌ಟಾಪಿನಲ್ಲಿ ಗೋಡೆಚಿತ್ರ ಬದಲಿಸಲೂ ಅನುಮತಿಯಿಲ್ಲ. ಮೌಸು ಕೆಟ್ಟರೆ ಟಿಕೆಟ್ ಹಾಕಿ, ಸಮುದ್ರದಾಚೆ ಮಲಗಿರುವ ಯಾರೋ ಎದ್ದು ಒಪ್ಪಿಗೆ ಕೊಡುವವರೆಗೆ ಕಾಯಬೇಕು. ಕೂರುವ ಕುರ್ಚಿ ದಿನಕ್ಕೊಂದು. ಫ್ಲ್ಯಾಟು ಇನ್ನೂ ಹನ್ನೊಂದು ವರ್ಷ ಬ್ಯಾಂಕಿನದು. ಯಾರ ಒಪ್ಪಿಗೆಯೂ ಇಲ್ಲದೆ ಅವರು ‘ಸುಡೋ’ ಎನ್ನಬಹುದಾದ ಜಾಗ ಈ ಭೂಮಿಯ ಮೇಲೆ ಇರುವುದು ಹತ್ತೇ ಇಂಚು.

ಆದ್ದರಿಂದ ಓದುಗರಲ್ಲಿ ಒಂದು ಮನವಿ. ನಿಮ್ಮ ಹಳೆಯ ಲಿನಕ್ಸ್ ಯಂತ್ರಕ್ಕೆ ವೈಫೈ ಸಿಗದಿದ್ದರೆ ಮೊದಲು ಸ್ವಿಚ್ ನೋಡಿ. ಆಮೇಲೆ ರೂಟರಿನ ಚಾನೆಲ್ ನೋಡಿ, 12 ಅಥವಾ 13 ಇದ್ದರೆ 11ಕ್ಕೆ ಇಳಿಸಿ. ಎರಡು ನಿಮಿಷದ ಕೆಲಸ. ಆದರೆ ನಿಮ್ಮ ಎದುರುಮನೆಯಲ್ಲೂ ಒಬ್ಬ ಸುಡೋ ಸ್ವಾಮಿ ಇದ್ದರೆ ಈ ಗುಟ್ಟನ್ನು ಅವರಿಗೆ ಹೇಳಬೇಡಿ. ಪಾಪ, ವಾರಕ್ಕಿರುವುದು ಅವರಿಗೆ ಒಂದೇ ಭಾನುವಾರ.