ಕ್ಯಾಬಿನ್ ಆಸ್ರಿಗೆ ಮೀಮಾಂಸೆ: ಕಾರವಾರ–ಅಂಕೋಲಾ ಪಾಠ

ಐಷಾರಾಮಿ ಪ್ರವಾಸಿ ಹಡಗಿನಲ್ಲಿ ದುಬಾರಿ ಕ್ಯಾಬಿನ್ ಹಿಡಿದವರಿಗೆ ಹಡಗು ಹೊರಡುವ ಮೊದಲೇ ಒಂದು ನಮೂನೆ ಬರುತ್ತದೆ. ನಿಮ್ಮ ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ಏನೇನು ತುಂಬಿಡಬೇಕು? ವಿಸ್ಕಿಯೋ, ಜಿನ್ನೋ? ವೈನಾದರೆ ಕೆಂಪೋ, ಬಿಳಿಯೋ? ಸೋಡಾ ಬೇಕೇ? ಹಾಲು ಕೆನೆ ಇರುವುದೋ, ತೆಗೆದದ್ದೋ? ಗುರುತು ಹಾಕಿ ಕಳಿಸಿದರಾಯಿತು, ನೀವು ಹೋಗಿ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲವೂ ತಣ್ಣಗೆ ಕೂತಿರುತ್ತದೆ. ಕಂಪನಿಗಳು ಇದನ್ನು ಸೌಕರ್ಯ ಎನ್ನುತ್ತವೆ. ಪ್ರಸ್ತುತ ಪ್ರಬಂಧಕಾರನ ಮತದಲ್ಲಿ ಇದೊಂದು ಪರೀಕ್ಷೆ. ಕಾಳಿ ನದಿಯಿಂದ ಗಂಗಾವಳಿಯ ತನಕದ ನೆಲದಲ್ಲಿ ಬೆಳೆದ ಯಾರೂ ಇದರಲ್ಲಿ ತೇರ್ಗಡೆಯಾಗಲಾರರು.

ಅಡ್ಡಿ ಇಂಗ್ಲಿಷಿನದಲ್ಲ, ಸಂಕೋಚದ್ದು. ಉತ್ತರ ಕನ್ನಡದಲ್ಲಿ ಮನೆಗೆ ಬಂದವರನ್ನು ಕೂತ ತಕ್ಷಣ ಕೇಳುವುದು ಆಸ್ರಿಗೆ, ಅಂದರೆ ಕುಡಿಯಲು, ಏನು ಎಂದು. ಕೇಳುವುದು ಕಡ್ಡಾಯ, ಉತ್ತರ ಹೇಳುವುದು ಅಸಭ್ಯ. “ನನಗೆ ಏಲಕ್ಕಿ ಹಾಕಿದ ಚಾ, ಸಕ್ಕರೆ ಒಂದೂವರೆ ಚಮಚ” ಎಂದು ನೇರವಾಗಿ ಹೇಳಿದವನ ಸುದ್ದಿ ಸಂಜೆಯೊಳಗೆ ಅವರ್ಸಾ ದಾಟಿ ಅಮದಳ್ಳಿ ಮುಟ್ಟುತ್ತದೆ. ಶಿಷ್ಟ ಸಂಪ್ರದಾಯದಲ್ಲಿ ನಿರಾಕರಣೆಗೆ ಮೂರು ಭೂಮಿಕೆಗಳಿವೆ.

ಮೊದಲನೆಯದು: “ಎಂತದೂ ಬ್ಯಾಡ, ಈಗಷ್ಟೇ ಕುಡ್ಕಂಡೇ ಬಂದೆ.” ಇದು ಸುಳ್ಳೆಂದು ಹೇಳಿದವನಿಗೂ ಗೊತ್ತು, ಕೇಳಿದವಳಿಗೂ ಗೊತ್ತು. ಅಷ್ಟರಲ್ಲಿ ಒಳಗೆ ಒಲೆಯ ಮೇಲೆ ನೀರು ಇಟ್ಟಾಗಿರುತ್ತದೆ. ಎರಡನೆಯದು: “ಸುಮ್ನೆ ನಿಮಗೆ ತೊಂದ್ರೆ.” ಇಲ್ಲಿ ಮಾತು ಪಾನೀಯವನ್ನು ಬಿಟ್ಟು ಮನೆಯವರ ಶ್ರಮದ ಕಡೆಗೆ ಜಾರಿತು, ಭಾಷ್ಯಕಾರರು ಇದಕ್ಕೆ ‘ಆಗಬಹುದು’ ಎಂದು ಅರ್ಥ ಮಾಡುತ್ತಾರೆ. ಮೂರನೆಯದು: “ಹಂಗಾರೆ ಅರ್ಧ ಲೋಟ ಸಾಕು.” ಅರ್ಧ ಲೋಟ ಎಂಬುದು ಅಳತೆಯಲ್ಲ, ಶರಣಾಗತಿ. ಬರುವುದು ತುಂಬಿದ ಲೋಟವೇ. ನಿಜವಾಗಿಯೂ ಅರ್ಧವನ್ನೇ ತಂದಿಟ್ಟ ಮನೆಗೆ ಹೆಣ್ಣು ಕೊಡುವ ಮುನ್ನ ಜನ ಎರಡು ಸಲ ಯೋಚಿಸುತ್ತಾರೆ.

ಹಡಗಿನ ನಮೂನೆಯಾದರೋ ಒಂದೇ ಸಲ ಕೇಳುತ್ತದೆ. ಮೊದಲನೆಯ ‘ಬ್ಯಾಡ’ವನ್ನೇ ನಿಜವೆಂದು ನಂಬಿ ಫ್ರಿಜ್ಜನ್ನು ಖಾಲಿ ಇಟ್ಟುಬಿಡುತ್ತದೆ. ಶಾಸ್ತ್ರದ ಗಂಟು ಇರುವುದು ಇಲ್ಲೇ.

ಪೂರ್ವಪಕ್ಷಿಯೊಬ್ಬ ಎದ್ದು ಕೇಳಬಹುದು: ಹೋಟೆಲಿಗೆ ಹೋದಾಗ ಇದೇ ಅಂಕೋಲೆಯವರು ಸಂಕೋಚವಿಲ್ಲದೆ ಬೈ-ಟು ಚಾ ಹೇಳುವುದಿಲ್ಲವೇ? ಹೇಳುತ್ತಾರೆ. ಅಲ್ಲಿ ದುಡ್ಡು ಕೊಡುವವರು ಅವರು. ಹಡಗಿಗೂ ದುಡ್ಡು ಕೊಟ್ಟಾಗಿದೆಯಲ್ಲ ಎಂದರೆ, ಕೊಟ್ಟದ್ದು ಅಮೆರಿಕದಲ್ಲಿರುವ ಮಗಳು. ಮಗಳ ದುಡ್ಡಿನಲ್ಲಿ ವಿಸ್ಕಿಗೆ ಗುರುತು ಹಾಕುವುದು ಯಾವ ಧರ್ಮಶಾಸ್ತ್ರಕ್ಕೆ ಒಪ್ಪಿಗೆ? ಪೂರ್ವಪಕ್ಷಿ ಕೂತನು.

ಇನ್ನು ಇತಿಹಾಸ. ಹಡಗಿನವರು ಏನು ಕುಡಿಯುತ್ತಾರೆಂದು ಮೊದಲೇ ಬರೆದಿಡುವ ಪದ್ಧತಿ ಬ್ರಿಟಿಷ್ ನೌಕಾಪಡೆಯಲ್ಲಿತ್ತು. ಅಲ್ಲಿ ದಿನವೂ ರಮ್ ಪಡಿ ಕೊಡುತ್ತಿದ್ದರು; ಪ್ರತಿ ನಾವಿಕನ ಹೆಸರಿನ ಮುಂದೆ ‘ಜಿ’, ‘ಟಿ’ ಅಥವಾ ‘ಯುಎ’ ಎಂಬ ಗುರುತು. ಜಿ ಎಂದರೆ ಕುಡಿಯುವವ. ಟಿ ಎಂದರೆ ಒಲ್ಲದವ, ಅವನಿಗೆ ಬದಲಿಗೆ ದಿನಕ್ಕೆ ಮೂರು ಪೆನ್ಸ್. ಯುಎ ಎಂದರೆ ಇನ್ನೂ ಪ್ರಾಯಕ್ಕೆ ಬಾರದವ. 1970ರ ಜುಲೈ 31ಕ್ಕೆ ಈ ಪಡಿ ನಿಂತಿತು. ಸುಂದರ ವ್ಯವಸ್ಥೆಯೇ, ಆದರೆ ನಮ್ಮ ಕರಾವಳಿಗೆ ನಾಲ್ಕನೆಯ ಗುರುತೊಂದು ಬೇಕಿತ್ತು: ಬೇಡ ಅಂದಿದ್ದಾನೆ, ಆದರೂ ಕೊಡಿ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾರವಾರದಲ್ಲೇ ದೃಷ್ಟಾಂತವಿದೆ. ಇಂಗ್ಲಿಷರು ಇಲ್ಲಿ ಕೋಠಿ ತೆರೆದದ್ದು 1638ರಲ್ಲಿ. ಮಸ್ಲಿನ್ ಮತ್ತು ಮೆಣಸಿನ ವ್ಯಾಪಾರ ಚೆನ್ನಾಗಿತ್ತು. 1684ರಲ್ಲಿ ಒಂದು ಸಣ್ಣ ಹಡಗಿನ ಸಿಬ್ಬಂದಿ ಊರಿನ ಹಸುವೊಂದನ್ನು ಕದ್ದು ಕೊಂದರು. ಇಡೀ ಕೋಠಿಯೇ ಕಿತ್ತುಹೋಗುವ ಪರಿಸ್ಥಿತಿ ಬಂತು. ಹಡಗಿನವರಿಗೆ ಏನು ಬೇಕು, ಅದರಲ್ಲಿ ಊರವರು ಏನನ್ನು ಕೊಡಲಾರರು ಎಂದು ಮುಂಚಿತವಾಗಿ ಒಂದು ಕಾಗದದಲ್ಲಿ ಬರೆಸಿಕೊಂಡಿದ್ದರೆ ಈಸ್ಟ್ ಇಂಡಿಯಾ ಕಂಪನಿಯ ಮಾನ ಉಳಿಯುತ್ತಿತ್ತು.

ಎರಡನೆಯ ದೃಷ್ಟಾಂತ ಹೆಚ್ಚು ನೋವಿನದು. 1880ರ ದಶಕದ ಆರಂಭದಲ್ಲಿ ತರುಣ ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ರಾತ್ರಿ ಎಲ್ಲರೂ ಪುಟ್ಟ ಹಾಯಿದೋಣಿಯಲ್ಲಿ ಕಾಳಿ ನದಿಯ ಮೇಲ್ಭಾಗಕ್ಕೆ ಹೋದರು, ಶಿವಾಜಿ ಕಾಲದ ಕೋಟೆಯೊಂದರ ಬಳಿ ಇಳಿದರು, ಒಬ್ಬ ರೈತನ ಗುಡಿಸಿದ ಅಂಗಳದಲ್ಲಿ ಬೆಳದಿಂಗಳಿಗೆ ಕೂತರು. ಕೂತು, ತಾವು ಕಟ್ಟಿಕೊಂಡು ಬಂದದ್ದನ್ನೇ ಉಂಡರು. ಕವಿ ಇದನ್ನು ತಮ್ಮ ನೆನಪುಗಳಲ್ಲಿ ಬಹಳ ಸಂತೋಷದಿಂದ ಬರೆದಿದ್ದಾರೆ. ಸಾಹಿತ್ಯ ವಿಮರ್ಶಕರು ಬೆಳದಿಂಗಳನ್ನು ನೋಡುತ್ತಾರೆ; ಆಸ್ರಿಗೆ ಮೀಮಾಂಸಕನಿಗೆ ಕಾಣುವುದು ಆ ಮನೆಯ ಹೆಂಗಸು. ಅಂಗಳಕ್ಕೆ ಜಡ್ಜ್ ಸಾಹೇಬರ ಮನೆಯವರು ಬಂದು ಕೂತಿದ್ದಾರೆ, ಅವರ ಊಟ ಅವರದೇ ಬುಟ್ಟಿಯಿಂದ ಹೊರಬರುತ್ತಿದೆ. ಆ ತಾಯಿ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರನ್ನಾದರೂ ತಂದಿಡದೆ ಬಿಟ್ಟಿರಲಾರಳು ಎಂದು ಅನುಮಾನ ಪ್ರಮಾಣದಿಂದ ಸಿದ್ಧಪಡಿಸಬಹುದು. ಕವಿಗಳು ಇಂಥದ್ದನ್ನು ಬರೆಯುವುದಿಲ್ಲ.

ಮೂರನೆಯದು ಸರ್ಕಾರಿ ಯುಗ. ಕಾರವಾರ 1956ರ ತನಕ ಮುಂಬಯಿ ರಾಜ್ಯದಲ್ಲಿತ್ತು, ಹಾಗಾಗಿ 1949ರ ಮುಂಬಯಿ ಪಾನನಿಷೇಧ ಕಾಯಿದೆ ಇಲ್ಲಿಗೂ ಬಂತು. ಆರೋಗ್ಯದ ಕಾರಣ ತೋರಿಸಿದರೆ ಪರ್ಮಿಟ್ ಸಿಗುತ್ತಿತ್ತು. ಅಂದರೆ ತನಗೆ ಏನು ಕುಡಿಯಬೇಕೆಂದಿದೆ ಎಂದು ಮನುಷ್ಯ ಮೊದಲೇ ಬರೆದು ಸಹಿ ಹಾಕಿ ಕಳಿಸುವ ಪರಿಪಾಠ ಆಗಲೇ ಶುರುವಾಗಿತ್ತು. ಈ ಅರ್ಜಿ ಸಾಹಿತ್ಯ ಕಾರವಾರದಲ್ಲಿ ಇನ್ನಷ್ಟು ಅರಳಬೇಕಿತ್ತು. ಅರಳಲಿಲ್ಲ, ಏಕೆಂದರೆ ಮಾಜಾಳಿಯ ಆಚೆ ಪೋಳೆಂ, ಪೋಳೆಂನಿಂದಲೇ ಶುರು, 1961ರ ತನಕವೂ, ಪೋರ್ತುಗೀಸರ ಗೋವಾ. ಕಾಲುದಾರಿ ಇರುವಲ್ಲಿ ಅರ್ಜಿ ಯಾರು ಬರೆಯುತ್ತಾರೆ?

ಮಾಜಾಳಿ ತನಿಖಾ ಠಾಣೆ ಈ ಶಾಸ್ತ್ರದ ಜೀವಂತ ಪ್ರಯೋಗಶಾಲೆ. ಗೋವೆಯ ಅಗ್ಗದ ಬಾಟಲಿ ಸೀಟಿನಡಿ, ಮೀನಿನ ಪೆಟ್ಟಿಗೆಯಡಿ ಕೂತು ಬರುವುದು, ಅಬಕಾರಿಯವರು ಅದನ್ನು ಹಿಡಿಯುವುದು, ಮರುದಿನ ಪತ್ರಿಕೆಯಲ್ಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಹಿಂದೆ ಸಿಬ್ಬಂದಿ ನಿಂತ ಫೋಟೊ. ವಿಹಾರದ ಹಡಗುಗಳಲ್ಲೂ ಇಂಥದೇ ಠಾಣೆಯಿದೆ. ಬಹಳಷ್ಟು ಕಂಪನಿಗಳು ಹತ್ತುವಾಗ ತಲೆಗೊಂದು 750 ಮಿಲಿಲೀಟರಿನ ವೈನ್ ಬಾಟಲಿಯನ್ನಷ್ಟೇ ಬಿಡುತ್ತವೆ. ನಡುವಿನ ಬಂದರಿನಲ್ಲಿ ಕೊಂಡ ಬಾಟಲಿಯನ್ನು ತೆಗೆದಿಟ್ಟುಕೊಂಡು ಪ್ರವಾಸದ ಕೊನೆಗೆ ಮರಳಿಸುತ್ತವೆ. ಮರಳಿಸುತ್ತವೆ ಎಂಬ ಮಾತು ಓದಿದ ಕಾರವಾರದ ಓದುಗ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಈಗ ಪಾನೀಯಗಳ ವಿಚಾರ. ನಮೂನೆಯಲ್ಲಿ ಇರುವುದು ನಮಗೆ ಬೇಡ, ಬೇಕಾದದ್ದು ನಮೂನೆಯಲ್ಲಿಲ್ಲ. ಮುರುಗಲು ಹಣ್ಣಿನ ಶರಬತ್ತು, ತೆಂಗಿನ ಹಾಲು ಹಾಕಿದ ಸೋಲ್‌ಕಡಿ, ಕೊತ್ತಂಬರಿ ಕಷಾಯ, ಗಂಜಿಯ ತಿಳಿ, ಘಟ್ಟದ ಮೇಲಿನ ಬೀಗರ ಮನೆಯ ಅಪ್ಪೆಹುಳಿ ಯಾವುದಕ್ಕೂ ಅಲ್ಲಿ ಚೌಕವಿಲ್ಲ. ಅಪ್ಪೆಹುಳಿ ಇಲ್ಲದ್ದು ಒಳ್ಳೆಯದೇ: ಎರಡು ಲೋಟ ಕುಡಿದವನಿಗೆ ಹಡಗು ಯಾವ ದೇಶ ಮುಟ್ಟಿತೆಂಬುದು ಸಂಜೆ ನಾಲ್ಕರವರೆಗೆ ತಿಳಿಯುವುದಿಲ್ಲ. ಅಂಕೋಲೆಯ ಕರಿ ಈಶಾಡಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದರ ರಸಕ್ಕೆ ಹಡಗಿನ ಫ್ರಿಜ್ಜಿನಲ್ಲಿ ಜಾಗ ಸಿಕ್ಕಿಲ್ಲ. ಗೋವೆಯ ಫೆಣಿಗೆ 2009ರಲ್ಲೇ ಅದೇ ಗುರುತು ಬಂದಿದ್ದರೂ ಅದು ನಮೂನೆಯ ಮೇಜಿಗೆ ಬಾರದಿರುವುದಕ್ಕೆ ಕಾರಣ ಬೇರೆ: ಒಮ್ಮೆ ಮುಚ್ಚಳ ತೆರೆದರೆ ಅಕ್ಕಪಕ್ಕದ ಕ್ಯಾಬಿನ್ನುಗಳಿಗೂ ಪುಕ್ಕಟೆ ಹಂಚಿಕೆಯಾಗುತ್ತದೆ.

ನಿಂಬೆ ಸೋಡಾ ಒಂದಿದೆ. ಅದರ ಪಕ್ಕದಲ್ಲಿ ‘ಸಿಹಿಯೋ, ಉಪ್ಪೋ’ ಎಂಬ ಪ್ರಶ್ನೆ. 1930ರ ಏಪ್ರಿಲ್‌ನ ಉಪ್ಪಿನ ಸತ್ಯಾಗ್ರಹದಲ್ಲಿ ಯಾರನ್ನೂ ಕೇಳದೆ ಸಮುದ್ರದಿಂದಲೇ ಉಪ್ಪು ಮಾಡಿಕೊಂಡ ಅಂಕೋಲೆಯವರನ್ನು ಉಪ್ಪು ಬೇಕೇ ಎಂದು ಚೌಕ ಹಾಕಿ ಕೇಳುವುದು ಇತಿಹಾಸದ ಅಜ್ಞಾನ.

ಮೂರು ಭೂಮಿಕೆಗಳ ಸಿದ್ಧಾಂತಕ್ಕೆ ಅಪವಾದವೊಂದನ್ನು ಇಲ್ಲೇ ದಾಖಲಿಸಬೇಕು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು, 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ, ತಮ್ಮ ಊರಿನಲ್ಲಿ ಸಾರಾಯಿಯ ವಿರುದ್ಧ ನಿಂತವರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅವರ ‘ಬೇಡ’ದ ಹಿಂದೆ ಅರ್ಧ ಲೋಟವಿರಲಿಲ್ಲ. ಅಂಥ ಬೇಡದ ಮುಂದೆ ಮೀಮಾಂಸೆ ಸುಮ್ಮನಾಗುತ್ತದೆ.

ನೀರಿನ ಪ್ರಶ್ನೆ ಉಳಿಯಿತು. ಹಡಗು ಸಮುದ್ರದ ನೀರಿನ ಉಪ್ಪು ತೆಗೆದು ತಾನೇ ಸಿಹಿನೀರು ಮಾಡಿಕೊಳ್ಳುತ್ತದೆ. ತಾಂತ್ರಿಕವಾಗಿ ಶುದ್ಧ, ರುಚಿಯಲ್ಲಿ ನಿರ್ಗುಣ. ಮನೆಬಾವಿಯ ನೀರು ಕುಡಿದು ಬೆಳೆದ ನಾಲಿಗೆ ಮೊದಲ ಗುಟುಕಿಗೇ ‘ಇದಕ್ಕೆ ಏನೋ ಹಾಕಿದ್ದಾರೆ’ ಎನ್ನುತ್ತದೆ. ನಿಜವಾಗಿ ಆದದ್ದು ಏನೋ ತೆಗೆದದ್ದು. ಇದಕ್ಕೆ ಪರಿಹಾರವೆಂದು ನಮ್ಮವರು ಸೂಟ್‌ಕೇಸಿನ ತಳದಲ್ಲಿ, ಸೀರೆಯ ಮಡಿಕೆಯ ನಡುವೆ, ನೀರು ಕಾಯಿಸುವ ಕಾಯಿಲ್ ಒಯ್ಯುತ್ತಾರೆ. ಬೆಂಕಿಯ ಭಯದಿಂದ ಅದೂ ಹಡಗಿನಲ್ಲಿ ನಿಷಿದ್ಧ. ಲೋಕದ ಎಲ್ಲ ಬಂದರುಗಳಲ್ಲಿ ಜನ ಬಾಟಲಿ ಬಚ್ಚಿಟ್ಟು ಸಿಕ್ಕಿಬೀಳುತ್ತಾರೆ, ಅಂಕೋಲೆಯವರು ಕಷಾಯದ ಪುಡಿ ಮತ್ತು ಕಾಯಿಲ್ ಜೊತೆ ಸಿಕ್ಕಿಬೀಳುತ್ತಾರೆ.

ಕೊನೆಯದಾಗಿ ಪ್ರಯೋಗ. ಪ್ರಬಂಧಕಾರನು ಕಲ್ಪಿಸಿಕೊಂಡ ಅಂಕೋಲೆಯ ಒಬ್ಬ ನಿವೃತ್ತ ಮಾಸ್ತರರು ಮತ್ತು ಅವರ ಪತ್ನಿಯ ಮುಂದೆ ನಮೂನೆಯನ್ನಿಟ್ಟು ಮಗಳಿಂದ ಫೋನ್ ಮಾಡಿಸಲಾಯಿತು.

“ಆಯಿ, ಎರಡು ಬಾಟಲಿ ಫ್ರೀ. ಎಂತ ಬರೀಲಿ?”

“ಎಂತಕ್ಕೆ ಅವರಿಗೆ ತೊಂದ್ರೆ? ನಾವು ಮನೆಯಿಂದ ನೀರು ತಕಂಡೇ ಹೋಗ್ತೇವೆ.”

“ಆಯಿ, ಅವರ ಕೆಲಸವೇ ಅದು. ಜ್ಯೂಸ್ ಬರೀಲಾ?”

“ನಿನ್ನ ಅಪ್ಪನಿಗೆ ಶುಗರ್. ಅವರನ್ನೇ ಕೇಳು.”

ಮಾಸ್ತರರು ಫೋನ್ ತೆಗೆದುಕೊಂಡು ಮೊದಲು ಅಲ್ಲಿಯ ಹವೆಯ ಬಗ್ಗೆ ಕೇಳಿದರು. ಆಮೇಲೆ ಡಾಲರಿನ ಬಗ್ಗೆ. ಮಗಳು ಮೂರನೆಯ ಸಲ ಕೇಳಿದ ಮೇಲೆ, ಹೆಂಡತಿ ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು: “ಒಂದು ವಿಸ್ಕಿ ಬರ್ದಿಡು ತಂಗೀ. ನಮಗಲ್ಲ. ಯಾರಾದ್ರೂ ಬಂದ್ರೆ ಬೇಕಾಗ್ತದೆ.”

ನಡುಸಮುದ್ರದಲ್ಲಿ ಕ್ಯಾಬಿನ್ನಿಗೆ ನೆಂಟರು ಯಾರು ಬರುತ್ತಾರೆಂದು ಮಗಳು ಕೇಳಲಿಲ್ಲ. ಅವಳೂ ಅಂಕೋಲೆಯಲ್ಲೇ ಬೆಳೆದವಳು.

ಈ ಪ್ರಯೋಗದ ಆಧಾರದ ಮೇಲೆ ಎಲ್ಲ ಹಡಗು ಕಂಪನಿಗಳೂ ಅಳವಡಿಸಿಕೊಳ್ಳಬೇಕಾದ ಕಾರವಾರ–ಅಂಕೋಲಾ ಮಾದರಿ ನಮೂನೆಯನ್ನು ಇಲ್ಲಿ ಮಂಡಿಸಲಾಗಿದೆ. ಮೊದಲ ಪುಟದಲ್ಲಿ ಪಾನೀಯಗಳ ಪಟ್ಟಿ. ಉತ್ತರದ ಜಾಗದಲ್ಲಿ ‘ಎಂತದೂ ಬ್ಯಾಡ’ ಎಂದು ಮೊದಲೇ ಅಚ್ಚಾಗಿರತಕ್ಕದ್ದು. ಎರಡನೆಯ ಪುಟದಲ್ಲಿ ಅದೇ ಪಟ್ಟಿ, ಮೇಲೆ ‘ಹಾಗಂದ್ರೆ ಹೆಂಗೆ?’ ಎಂಬ ತಲೆಬರಹ. ಮೂರನೆಯ ಪುಟ ಖಾಲಿ ಇರಲಿ. ಪ್ರಯಾಣಿಕರು ಅದನ್ನು ನೋಡುತ್ತ ಸ್ವಲ್ಪ ಹೊತ್ತು ಮೌನವಾಗಿ ಕೂರುತ್ತಾರೆ, ಅಷ್ಟರಲ್ಲಿ ಹಡಗಿನವರು ಎಲ್ಲವನ್ನೂ ತಂದಿಡಬೇಕು. ಯಾರಾದರೂ ಬಂದರೆ ಎಂದು ಒಂದು ಬಾಟಲಿ ಹೆಚ್ಚಿಗೆ. ಸಹಿ ಬೇಕಾಗಿಲ್ಲ. ಆ ಜಾಗದಲ್ಲಿ ‘ಸಕ್ಕರೆ ಕಮ್ಮಿ’ ಎಂದು ಬರೆದರೆ ಸಾಕು.